ರಬಾಳೆಯಲ್ಲಿ ನಾವು ಮಾಡಿದ ಹಲ್ಲುಗಳು

ಟಂಗ್‌ಸ್ಟನ್ ಎಂದರೇನು ಎಂದು ಕೇಳಿದರೆ ಹಳಬರು ಬಲ್ಬಿನೊಳಗಿನ ತಂತಿ ಎನ್ನುತ್ತಾರೆ, ಹೊಸಬರು ಮೊಬೈಲಿನಲ್ಲಿ ಹುಡುಕುತ್ತಾರೆ. ಎಲ್‌ಇಡಿ ಬಂದ ಮೇಲೆ ನಿನ್ನ ಟಂಗ್‌ಸ್ಟನ್ನಿನ ಕಥೆ ಮುಗಿಯಿತಲ್ಲ ಎಂದು ನಮ್ಮ ಯಜಮಾನರೇ ಒಮ್ಮೆ ನನ್ನನ್ನು ಕೆಣಕಿದ್ದರು. ಹಾಗೆ ಹೇಳುವಾಗ ಅವರು ಪೇಪರಿನ ಪದಬಂಧ ತುಂಬುತ್ತಿದ್ದರು. ಕೈಯಲ್ಲಿದ್ದ ಬಾಲ್‌ಪೆನ್ನಿನ ತುದಿಯಲ್ಲಿ ಉರುಳುವ ಸಾಸಿವೆಗಿಂತ ಸಣ್ಣ ಗುಂಡು ಯಾವುದರದ್ದು ಗೊತ್ತೇ ಎಂದು ಕೇಳಿದೆ. ಗೊತ್ತಿರಲಿಲ್ಲ. ಟಂಗ್‌ಸ್ಟನ್ ಕಾರ್ಬೈಡಿನದು ಎಂದೆ. ಆಮೇಲೆ ಅವರು ಪದಬಂಧದಲ್ಲೇ ಮುಖ ಹುದುಗಿಸಿಕೊಂಡು ಕುಳಿತರು.

ನಾನು ರಬಾಳೆಯ ಒಂದು ಕಾರ್ಬೈಡ್ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಊರು ಉಡುಪಿಯ ಹತ್ತಿರ, ಮನೆ ಡೊಂಬಿವಲಿ. ಠಾಣೆಯಿಂದ ವಾಶಿಯ ಕಡೆಗೆ ರೈಲು ಹೊಸದಾಗಿ ಶುರುವಾಗಿದ್ದ ಕಾಲದಲ್ಲಿ ಅಲ್ಲಿಗೆ ಸೇರಿದೆ. ಡೊಂಬಿವಲಿಯಲ್ಲಿ ನೂಕಿಸಿಕೊಂಡು ಹತ್ತಿ, ಠಾಣೆಯಲ್ಲಿ ನೂಕಿಸಿಕೊಂಡು ಇಳಿದು, ಅಲ್ಲಿಂದ ರಬಾಳೆಗೆ ಹೋಗುವ ಗಾಡಿಯಲ್ಲಿ ಸೀಟು ಸಿಕ್ಕರೆ ಅದೇ ದೊಡ್ಡ ಭಾಗ್ಯ. ನನ್ನ ಜಾಗಕ್ಕೆ ಈಗ ಅಶ್ವಿನಿ ಎಂಬ ಹುಡುಗಿ ಬಂದಿದ್ದಾಳೆ. ಕಲ್ಯಾಣದಲ್ಲಿ ಹುಟ್ಟಿದವಳು, ನಮ್ಮ ಕಡೆಯವರದೇ ಮಗಳು. "ಆಂಟಿ, ಆಪ್ ಲಿಖೋ ನಾ, ಕೆಲಸ ಹೇಗಿತ್ತು ಅಂತ. ಮಮ್ಮಿ ಪಢ್ ಕೇ ಸುನಾಯೇಗೀ" ಎಂದಳು. ಅವಳಮ್ಮ ಓದಿ ಹೇಳಲಿ ಎಂದು ಕನ್ನಡದಲ್ಲೇ ಬರೆಯುತ್ತಿದ್ದೇನೆ. ಪ್ರಮೋಷನ್ನು, ಇನ್‌ಕ್ರಿಮೆಂಟಿನ ವಿಷಯ ಬರೆಯುವುದಿಲ್ಲ. ಅದರಲ್ಲಿ ಹೇಳಿಕೊಳ್ಳುವಂಥದ್ದೂ ಇಲ್ಲ.

ಮೊದಲ ದಿನ ವರ್ಕ್ಸ್ ಮ್ಯಾನೇಜರ್ ಪಾಟಣಕರ್ ಸಾಹೇಬರು ನನ್ನನ್ನು ಕೋಣೆಗೆ ಕರೆದು, ಮೇಜಿನ ಮೇಲಿದ್ದ ಬೂದು ಬಣ್ಣದ ಒಂದು ತುಂಡನ್ನು ತೋರಿಸಿ ಎತ್ತಿ ಕೊಡಲು ಹೇಳಿದರು. ಸ್ನಾನದ ಸೋಪಿನಷ್ಟು ದೊಡ್ಡದು. ಸೋಪು ಎತ್ತುವ ಹಾಗೆ ಎರಡು ಬೆರಳು ಹಾಕಿದೆ. ತುಂಡು ಅಲ್ಲಾಡಲಿಲ್ಲ, ನನ್ನ ಬೆರಳುಗಳು ಮಾತ್ರ ಜಾರಿ ಬಂದವು. ಕಬ್ಬಿಣಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಭಾರ ಅದು. ಹೊಸಬರಿಗೆಲ್ಲ ಅವರು ಇದೇ ಪರೀಕ್ಷೆ ಮಾಡುತ್ತಿದ್ದರಂತೆ. ಗಂಡಸರು ನಾಚಿಕೆಯಿಂದ ನಗುತ್ತಿದ್ದರಂತೆ. ನನಗೆ ಸಿಟ್ಟು ಬಂತು. ಎರಡೂ ಕೈ ಹಾಕಿ ಎತ್ತಿ, ಅವರ ಮುಂದಿದ್ದ ಫೈಲಿನ ಮೇಲೆ ದೊಪ್ಪನೆ ಇಟ್ಟೆ. "ಶೆಟ್ಟೀಬಾಯಿ, ತಾಕತ್ ಆಹೇ" ಎಂದರು, ಶಕ್ತಿ ಇದೆ ಎಂದು. ಅವತ್ತಿನಿಂದ ಕೊನೆಯವರೆಗೂ ನಾನು ಅವರ ಬಾಯಲ್ಲಿ ಶೆಟ್ಟೀಬಾಯಿಯೇ.

ನಮ್ಮ ಕೆಲಸ ಏನೆಂದು ಕೇಳಿದವರಿಗೆ ನಾನು ಚಿಕ್ಕಿಯ ಉದಾಹರಣೆ ಕೊಡುತ್ತಿದ್ದೆ. ಕಡಲೆಬೀಜದ ಜಾಗದಲ್ಲಿ ಟಂಗ್‌ಸ್ಟನ್ ಕಾರ್ಬೈಡಿನ ಪುಡಿ, ಬೆಲ್ಲದ ಜಾಗದಲ್ಲಿ ಕೋಬಾಲ್ಟಿನ ಪುಡಿ. ಎರಡನ್ನೂ ದ್ರವ ಹಾಕಿ ದಿನಗಟ್ಟಲೆ ಅರೆಯುತ್ತೇವೆ, ಒಣಗಿಸಿ ಸ್ವಲ್ಪ ಮೇಣ ಸೇರಿಸಿ ಅಚ್ಚಿನಲ್ಲಿ ಒತ್ತುತ್ತೇವೆ. ಒತ್ತಿದ ತುಂಡು ಆಗ ಬಳಪದಷ್ಟೇ ಗಟ್ಟಿ, ಉಗುರು ತಾಗಿದರೂ ಮುಕ್ಕಾಗುತ್ತದೆ. ಅದು ಭಟ್ಟಿಗೆ ಹೋಗಿ ಹೊರಗೆ ಬಂದ ಮೇಲೆ ವಜ್ರದ ಚಕ್ರವಿಲ್ಲದೆ ಅದನ್ನು ಉಜ್ಜಲು ಆಗುವುದಿಲ್ಲ. ಉಕ್ಕು ಕಡೆಯುವ ಲೇತಿನ ತುದಿ, ತಂತಿ ಎಳೆಯುವ ಅಚ್ಚು, ಮಾತ್ರೆ ಒತ್ತುವ ಅಚ್ಚು, ಪಂಪಿನ ಸೀಲ್ ರಿಂಗು, ಬಂಡೆ ಕೊರೆಯುವ ಬಿಟ್ಟಿನ ಹಲ್ಲು, ಎಲ್ಲವೂ ಹೀಗೆ ಹುಟ್ಟಿದವು. ನೀವು ನುಂಗುವ ತಲೆನೋವಿನ ಮಾತ್ರೆಯಿಂದ ಹಿಡಿದು ನೀವು ಕುಡಿಯುವ ಬೋರ್‌ವೆಲ್ ನೀರಿನವರೆಗೆ ಎಲ್ಲಾದರೂ ಒಂದು ಕಡೆ ನಮ್ಮ ಕೈ ತಾಗಿರುತ್ತದೆ. ನನಗೆ ಆ ಬಗ್ಗೆ ಅಹಂಕಾರವಿದೆ. ಇರಲಿ.

ಭಟ್ಟಿಯಲ್ಲಿ ತುಂಡು ಗಟ್ಟಿಯಾಗುವುದರ ಜೊತೆಗೆ ಕುಗ್ಗುತ್ತದೆ, ಉದ್ದ ಅಗಲ ಎತ್ತರ ಎಲ್ಲದರಲ್ಲೂ ಸುಮಾರು ಐದನೇ ಒಂದು ಪಾಲು. ಆದ್ದರಿಂದ ಅಚ್ಚನ್ನು ಆ ಲೆಕ್ಕ ಹಿಡಿದು ದೊಡ್ಡದು ಮಾಡಬೇಕು. ದೊಡ್ಡ ಕಾಲೇಜಿನಿಂದ ಬಂದ ಒಬ್ಬ ಇಂಜಿನಿಯರ್ ಮಹಾಶಯ ಅದನ್ನು ಮರೆತು, ಡ್ರಾಯಿಂಗಿನಲ್ಲಿ ಇದ್ದ ಅಳತೆಗೇ ಅಚ್ಚು ಮಾಡಿಸಿದ. ಭಟ್ಟಿಯಿಂದ ಬಂದದ್ದು ಮಕ್ಕಳಾಟದ ಸಾಮಾನು. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಅವನೂ ನಕ್ಕ, ಒಂದನ್ನು ಕೀಚೈನ್ ಮಾಡಿಕೊಂಡ. ಈಗ ಅವನು ಎಲ್ಲೋ ದೊಡ್ಡ ಹುದ್ದೆಯಲ್ಲಿದ್ದಾನೆ. ಅಂಥ ತಪ್ಪಿನಿಂದ ಯಾರೂ ಕೆಡುವುದಿಲ್ಲ ಅಶ್ವಿನಿ, ಏಕೆಂದರೆ ಅದು ಕಣ್ಣಿಗೆ ಕಾಣುತ್ತದೆ. ಕಾಣದ ತಪ್ಪಿಗಾಗಿಯೇ ಲ್ಯಾಬು ಇರುವುದು.

ನಮ್ಮ ಹಳೆಯ ಭಟ್ಟಿ ಹೈಡ್ರೋಜನ್ನಿನದು. ಬಾಗಿಲಲ್ಲಿ ಹಗಲೂ ರಾತ್ರಿ ಬೆಂಕಿ ಉರಿಯುತ್ತಿತ್ತು. ಬೆಂಕಿ ಆರಿದರೆ ಅನಿಲ ತುಂಬಿ ಸಿಡಿಯಬಹುದೆಂದು ಎಲ್ಲರೂ ಹೊರಗೆ ಓಡಬೇಕೆಂಬ ನಿಯಮ. ಆಮೇಲೆ ವ್ಯಾಕ್ಯೂಮ್ ಭಟ್ಟಿ ಬಂತು. ಬೀರುವಿನ ಹಾಗೆ ಬಾಗಿಲು ಹಾಕಿ, ಒಳಗಿನ ಗಾಳಿ ಎಳೆದು, ಕಂಪ್ಯೂಟರಿನಲ್ಲಿ ಬಿಸಿ ಏರಿಸಿ ಇಳಿಸುವುದು. ಹಳೆಯ ಆಪರೇಟರುಗಳು ಅದಕ್ಕೆ ಹೆದರಿ ದೂರ ನಿಂತರು. ಮುಂದೆ ಬಂದವನು ಶರಣಪ್ಪ. ಕಲಬುರಗಿಯ ಕಡೆಯವನು, ಲೋಡಿಂಗ್ ಕೆಲಸಕ್ಕೆ ಸೇರಿ, ಹತ್ತನೇ ತರಗತಿಯನ್ನು ಇಲ್ಲೇ ರಾತ್ರಿಶಾಲೆಯಲ್ಲಿ ಮುಗಿಸಿ, ಭಟ್ಟಿಯ ಟ್ರೇನಿಂಗಿಗೆ ತಾನಾಗಿಯೇ ಹೆಸರು ಕೊಟ್ಟಿದ್ದ. ಘಣಸೋಲಿಯ ಹಳೇ ಗಾಂವದಲ್ಲಿ, ಅಂದರೆ ಹಳೆಯ ಹಳ್ಳಿಯಲ್ಲಿ, ಒಂದೇ ಕೋಣೆಯ ಖೋಲಿ. ಹೆಂಡತಿ ನೀಲಮ್ಮ ಜೋಳದ ರೊಟ್ಟಿ ಬಡಿದು ಕಟ್ಟಡದ ಕೆಲಸಕ್ಕೆ ಬಂದ ತಮ್ಮ ಕಡೆಯ ಹುಡುಗರಿಗೆ ಮಾರುತ್ತಿದ್ದಳು. ಗುತ್ತಿಗೆಯಲ್ಲಿದ್ದ ಶರಣಪ್ಪನನ್ನು ಸಂಕ್ರಾಂತಿಗೆ ಪರ್ಮನೆಂಟ್ ಮಾಡುವುದೆಂದು ಮಾತಾಗಿತ್ತು. ಆಗಲೇ ಬಟನ್ನುಗಳು ಒಡೆದವು.

ಬಟನ್ ಎಂದರೆ ಬಂಡೆ ಕೊರೆಯುವ ಬಿಟ್ಟಿನ ಮೂತಿಯಲ್ಲಿ ಕೂರಿಸುವ ಗುಂಡು ತಲೆಯ ಹಲ್ಲು. ಘೋಡಬಂದರ್ ರಸ್ತೆಯಲ್ಲಿ ಎದ್ದ ಒಂದು ಗಗನಚುಂಬಿಯ ಪಾಯಕ್ಕೆ ಬಂಡೆ ಕೊರೆಯುತ್ತಿದ್ದಾಗ ನಮ್ಮ ಬಟನ್ ಕೂರಿಸಿದ ಬಿಟ್ಟುಗಳು ಒಂದರ ಹಿಂದೆ ಒಂದು ಹಾಳಾದವು. ಒಂದು ಹಲ್ಲು ಒಡೆದರೆ ಅದರ ಚೂರೇ ಉಳಿದ ಹಲ್ಲುಗಳನ್ನು ಒಡೆಯುತ್ತದೆ. ಬಟನ್ನಿಗೆ ಒಳ್ಳೆಯ ಸಾವೆಂದರೆ ಸವೆಯುವುದು. ಕೆಲಸ ಮಾಡಿ ಮಾಡಿ ಚಪ್ಪಟೆಯಾಗಿ ಬಂದರೆ ಗಿರಾಕಿ ಕೈ ಮುಗಿಯುತ್ತಾನೆ. ಒಡೆದು ಬಂದರೆ ಬೈಯುತ್ತಾನೆ. ಬಿಟ್ಟು ಮಾಡುವ ಗಿರಾಕಿ ಗೋಣಿಚೀಲದಲ್ಲಿ ಚೂರುಗಳನ್ನು ತಂದು ಪಾಟಣಕರ್ ಸಾಹೇಬರ ಮೇಜಿನ ಮೇಲೆ ಸುರಿದು ಹೋದ.

ಸಾಹೇಬರು ಎರಡು ನಿಮಿಷವೂ ಯೋಚಿಸಲಿಲ್ಲ. ಹೊಸ ಭಟ್ಟಿ, ಹೊಸ ಆಪರೇಟರ್, ಇನ್ನೇನು ಬೇಕು? ಎಲ್ಲರೆದುರೇ ಶರಣಪ್ಪನ ಗೇಟಿನ ಪಾಸ್ ಕಿತ್ತುಕೊಂಡು, ವಿಚಾರಣೆ ಮುಗಿಯುವವರೆಗೆ ಬರಬೇಡ ಎಂದರು. ಭಟ್ಟಿಯ ಕಂಪ್ಯೂಟರ್ ಬರೆದ ಗ್ರಾಫಿನಲ್ಲಿ ಬಿಸಿಯೆಲ್ಲ ಸರಿಯಾಗಿಯೇ ಇದೆ ಎಂದು ನಾನು ತೋರಿಸಿದೆ. "ಗ್ರಾಫ್ ಬರೋಬರ್, ಮಗ್ ಬಟನ್ ಕಾ ಫುಟಲೇ?" ಎಂದರು. ಗ್ರಾಫ್ ಸರಿ ಇದ್ದರೆ ಬಟನ್ ಯಾಕೆ ಒಡೆದವು ಎಂದು. ಮೇಜಿನ ಮೇಲಿನ ಚೂರುಗಳನ್ನು ಬಾಚಿಕೊಂಡು ಲ್ಯಾಬಿಗೆ ಹೋದೆ.

ಮರುದಿನ ನೋಡಿದರೆ ಶರಣಪ್ಪ ಯೂನಿಫಾರ್ಮ್ ಹಾಕಿಕೊಂಡು ಗೇಟಿನ ಎದುರಿನ ಚಹಾದ ಟಪರಿಯಲ್ಲಿ ಕುಳಿತಿದ್ದ. ಕೈಯಲ್ಲಿ ಊಟದ ಡಬ್ಬಿ ಬೇರೆ.

"ಇಲ್ಲೇನು ಮಾಡ್ತಿದ್ದೀಯಾ ಮಾರಾಯ?" ಎಂದೆ.

"ಮನ್ಯಾಗ ಹೇಳಿಲ್ರೀ ಅಕ್ಕಾರ. ಡಬ್ಬಿ ಕಟ್ಟಿ ಕೊಟ್ಟಾಳ, ಬಂದೀನಿ. ಹೆಂಗ ಹೇಳ್ಲಿ? ಭಟ್ಟಿ ಹಚ್ಚಿದ ಮ್ಯಾಲ ನಾ ಒಂದು ಚಹಾಕ್ಕೂ ಎದ್ದು ಹೋದಾಂವ ಅಲ್ರೀ."

"ನಿನ್ನ ತಪ್ಪಿದ್ದರೆ ನಾನೇ ಹಾಗಂತ ಬರೀತೇನೆ, ಗೊತ್ತುಂಟಲ್ಲ?"

"ಬರೀರಿ. ಇಲ್ಲಂದ್ರ ಇಲ್ಲ ಅಂತಾನೂ ಬರೀಬೇಕ್ರೀ ಮತ್ತ."

ಆ ಮಾತು ನನಗೆ ನಾಟಿತು. ದಿನಾ ಬೆಳಿಗ್ಗೆ ಅವನನ್ನು ದಾಟಿಕೊಂಡು ಒಳಗೆ ಹೋಗಬೇಕು, ಸಂಜೆ ಅವನನ್ನು ದಾಟಿಕೊಂಡೇ ಹೊರಗೆ ಬರಬೇಕು. ಅವನು ನನ್ನ ಮುಖ ಮಾತ್ರ ನೋಡುತ್ತಿದ್ದ.

ಭಟ್ಟಿಯ ತಪ್ಪಾಗಿದ್ದರೆ ಅದು ಒಟ್ಟಿಗೆ ಬೇಯಿಸಿದ ಇಡೀ ಲಾಟಿನಲ್ಲಿ ಕಾಣಬೇಕು. ಕಾರ್ಬನ್ ಏರುಪೇರಾದರೆ ನಮ್ಮ ಮ್ಯಾಗ್ನೆಟ್ ಪರೀಕ್ಷೆಯಲ್ಲಿ ಅಂಕಿ ಆಚೀಚೆ ಆಗುತ್ತದೆ, ಸೂಕ್ಷ್ಮದರ್ಶಕದಲ್ಲಿ ಕಣಗಳೇ ಬೇರೆ ತರಹ ಕಾಣುತ್ತವೆ. ನನಗೆ ಎಲ್ಲವೂ ಚೆನ್ನಾಗಿಯೇ ಕಂಡಿತು. ಆದರೆ ಒಡೆದ ಮೈಯನ್ನು ನೋಡಿದಾಗ ಬಿರುಕು ಶುರುವಾದ ಕಡೆ ಒಂದೊಂದು ಸಣ್ಣ ಕುಳಿ ಇತ್ತು. ಒಡೆಯದ ಬಟನ್ನುಗಳನ್ನು ನಾನೇ ಮುರಿದು ನೋಡಿದೆ, ಅವುಗಳಲ್ಲಿ ಅದು ಇರಲಿಲ್ಲ. ಪುಡಿಯಲ್ಲಿ ಏನೋ ಕಸ ಬಿದ್ದು, ಭಟ್ಟಿಯಲ್ಲಿ ಸುಟ್ಟುಹೋಗಿ, ತಾನಿದ್ದ ಜಾಗವನ್ನು ಖಾಲಿ ಬಿಟ್ಟಿದೆ ಎಂದು ಖಾತ್ರಿಯಾಯಿತು. ಯಾವ ಕಸ ಎಂಬುದು ಗೊತ್ತಾಗಬೇಕಿತ್ತು.

ಪುಡಿ ಬೆರೆಸಿ ಇಡುವ ಪೌಡರ್ ರೂಮಿನ ವಿಷಯದಲ್ಲಿ ಪಾಟಣಕರ್ ಸಾಹೇಬರದು ಮಹಾ ಮಡಿ. ಬಳೆ ಬೇಡ, ವಾಚು ಬೇಡ, ಜೇಬಿನಲ್ಲಿ ತಂಬಾಕು ಬೇಡ, ಒಳಗೆ ಸೀನಬೇಡಿ. ಒಮ್ಮೆ ನಾನು ಮಲ್ಲಿಗೆ ಮುಡಿದು ಬಂದೆನೆಂದು ಬಾಗಿಲಲ್ಲೇ ತಡೆದು ನಿಲ್ಲಿಸಿದ್ದರು. ಅಂಥ ಕೋಣೆಯೊಳಗೆ ಕಸ ಎಲ್ಲಿಂದ ಬರಬೇಕು? ನಾನು ಒಂದು ಕೆಲಸ ಮಾಡಿದೆ. ಪುಡಿಯನ್ನು ಸಣ್ಣ ಸಣ್ಣ ಪಾಲು ಮಾಡಿ, ಒಂದರಲ್ಲಿ ಕೂದಲು, ಒಂದರಲ್ಲಿ ಕೈಗವಸಿನ ನೂಲು, ಒಂದರಲ್ಲಿ ಬಿಸ್ಕತ್ತಿನ ಪುಡಿ, ಒಂದರಲ್ಲಿ ನೆಲದ ಧೂಳು ಹಾಕಿ, ಒತ್ತಿ, ಲ್ಯಾಬಿನ ಪುಟ್ಟ ಭಟ್ಟಿಯಲ್ಲಿ ಬೇಯಿಸಿದೆ. ಆಮೇಲೆ ಒಂದೊಂದನ್ನೂ ಮುರಿದು ನೋಡಿದೆ. ಕೂದಲು ಉದ್ದನೆಯ ಸುರಂಗ ಬಿಟ್ಟಿತ್ತು. ಬಿಸ್ಕತ್ತು ದೊಡ್ಡ ಗುಹೆಯನ್ನೇ ಮಾಡಿತ್ತು. ನನಗೆ ಬೇಕಾದ ಕುಳಿ ಯಾವುದರಲ್ಲೂ ಇರಲಿಲ್ಲ. "ಶೆಟ್ಟೀಬಾಯಿ ಅಡುಗೆ ಶುರು ಮಾಡಿದ್ದಾರೆ" ಎಂದು ಪುಡಿ ಒತ್ತುವ ಪ್ರೆಸ್ಸಿನವರು ಆಡಿಕೊಂಡರು. ಆಡಿಕೊಳ್ಳಲಿ ಎಂದು ಸುಮ್ಮನಿದ್ದೆ. ಮನೆಗೆ ಹೋದರೂ ತಲೆಯಲ್ಲಿ ಅದೇ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಮಗಳು ರುಚಿ ನೋಡಿ ಹೇಳಬೇಕಾಯಿತು.

ಒಡೆದ ಒಂದು ತುಂಡನ್ನು ಹೊರಗಿನ ದೊಡ್ಡ ಲ್ಯಾಬಿಗೆ ಕಳಿಸಿದ್ದೆ. ಕುಳಿಯ ಅಂಚಿನಲ್ಲಿ ಕ್ಯಾಲ್ಸಿಯಂ ಇದೆ ಎಂದು ಅಲ್ಲಿಂದ ತಿಳಿಸಿದರು. ಕ್ಯಾಲ್ಸಿಯಂ ಎಂದರೆ ಸುಣ್ಣ. ಗೋಡೆಯ ಸುಣ್ಣವೇ ಎಂದರೆ ಪೌಡರ್ ರೂಮಿನ ಗೋಡೆಗೆ ಟೈಲ್ಸು. ತಂಬಾಕಿನ ಜೊತೆಯ ಸುಣ್ಣವೇ ಎಂದು ಪ್ರೆಸ್ಸಿನವರ ಜೇಬುಗಳನ್ನೆಲ್ಲ ತಡಕಿಸಿದೆ, ಎಲ್ಲರ ಬೈಗುಳ ತಿಂದೆ. ಕೊನೆಗೆ ಆ ಲಾಟಿನ ಪುಡಿ ಇದ್ದ ಡ್ರಮ್ಮನ್ನೇ ನೋಡೋಣವೆಂದು ಹೋದೆ. ಖಾಲಿ ಡ್ರಮ್ಮು ಮೂಲೆಯಲ್ಲಿತ್ತು. ಮುಚ್ಚಳವನ್ನು ತಿರುಗಿಸಿದೆ. ಅಂಚಿನ ಸಂದಿಯಲ್ಲಿ ಕೆಂಪಗೆ ಏನೋ ಒಣಗಿ ಹಕ್ಕಳೆಯಾಗಿತ್ತು. ಮುಚ್ಚಳದ ಮೇಲೆ ಮಾಸಿಹೋದ ಮೂರು ಬೆರಳಿನ ಗೆರೆ.

ಆ ಗೆರೆಗಳನ್ನು ಎಳೆದ ಕೈ ಯಾರದೆಂದು ಇಡೀ ಕಾರ್ಖಾನೆಗೆ ಗೊತ್ತು. ನಮ್ಮ ಕಡೆ ಆಯುಧಪೂಜೆ ಎನ್ನುವುದನ್ನು ಮರಾಠಿಯವರು ಖಂಡೇನವಮಿ ಎನ್ನುತ್ತಾರೆ. ಆ ದಿನ ಪಾಟಣಕರ್ ಸಾಹೇಬರು ರೇಷ್ಮೆ ಅಂಗಿ ಹಾಕಿ, ಬರಿಗಾಲಲ್ಲಿ, ಅರಿಶಿನ ಕುಂಕುಮ ನೀರಿನಲ್ಲಿ ಕಲಸಿದ ತಟ್ಟೆ ಹಿಡಿದು, ಪ್ರತಿ ಯಂತ್ರಕ್ಕೂ ತಾವೇ ಹಚ್ಚುತ್ತಾ ಬರುತ್ತಿದ್ದರು. ಬೇರೆ ಯಾರಿಗೂ ತಟ್ಟೆ ಕೊಡುತ್ತಿರಲಿಲ್ಲ. ಆ ವರ್ಷ ಹೊಸ ಪುಡಿಯ ಡ್ರಮ್ಮಿಗೂ ಹಚ್ಚಿದ್ದರು. ಕುಂಕುಮ ಮಾಡುವುದೇ ಅರಿಶಿನಕ್ಕೆ ಸುಣ್ಣ ಸೇರಿಸಿ. ಅದು ಒಣಗಿದೆ. ರಜೆ ಮುಗಿಸಿ ಬಂದವರು ಬಿಗಿಯಾದ ಮುಚ್ಚಳವನ್ನು ಮರದ ಸುತ್ತಿಗೆಯಲ್ಲಿ ತಟ್ಟಿ ತೆಗೆದಿದ್ದಾರೆ. ಹಕ್ಕಳೆ ಉದುರಿ ಪುಡಿಯಲ್ಲಿ ಬಿದ್ದಿದೆ. ಅರಿಶಿನ ಸುಟ್ಟು ಕುಳಿಯಾಯಿತು, ಸುಣ್ಣ ಅಂಚಿನಲ್ಲಿ ಉಳಿಯಿತು.

ಊಹೆಯನ್ನು ಯಾರೂ ಒಪ್ಪುವುದಿಲ್ಲ. ನನ್ನ ಪರ್ಸಿನಲ್ಲಿದ್ದ ಭರಣಿಯಿಂದ ಚಿಟಿಕೆ ಕುಂಕುಮ ತೆಗೆದು, ಕಲಸಿ, ಒಣಗಿಸಿ, ಪುಡಿಗೆ ಹಾಕಿ ಬೇಯಿಸಿದೆ. ಮುರಿದು ನೋಡಿದರೆ ಅದೇ ಕುಳಿ, ಅದೇ ಅಂಚು. ಸೂಕ್ಷ್ಮದರ್ಶಕದ ಮೇಲೆ ಬಗ್ಗಿಕೊಂಡೇ ನಾನು ನಕ್ಕೆ, ಕಣ್ಣಲ್ಲಿ ನೀರೂ ಬಂತು. ಇಷ್ಟು ವರ್ಷ ಕಲಿತದ್ದು ಒಬ್ಬ ಮನುಷ್ಯನ ಕೆಲಸ ಉಳಿಸಲು ಸಾಕಾಯಿತಲ್ಲ ಎಂಬ ಹೆಮ್ಮೆ ಅದು.

ಒಡೆದ ಬಟನ್ನಿನದು, ನಾನು ಬೇಯಿಸಿದ್ದು, ಎರಡೂ ತುಂಡುಗಳನ್ನು ತೆಗೆದುಕೊಂಡು ಸಾಹೇಬರ ಕೋಣೆಗೆ ಹೋದೆ. ಅವರು ಲ್ಯಾಬಿಗೆ ಬಂದು, ಎರಡನ್ನೂ ಸೂಕ್ಷ್ಮದರ್ಶಕದಲ್ಲಿ ಒಂದಾದ ಮೇಲೊಂದು ನೋಡಿದರು.

"ದೇವಾಚಂ ಕುಂಕೂ ಆಹೇ ತೇ, ಶೆಟ್ಟೀಬಾಯಿ" ಎಂದರು. ದೇವರ ಕುಂಕುಮ ಅದು ಎಂದು.

"ದೇವರದ್ದೇ ಸರ್. ಭಟ್ಟಿಗೆ ಅದು ಗೊತ್ತಾಗುವುದಿಲ್ಲ" ಎಂದು ಹಿಂದಿಯಲ್ಲಿ ಹೇಳಿದೆ.

ಆಮೇಲೆ ಅವರು ದನಿ ತಗ್ಗಿಸಿ, ಪುಡಿಯಲ್ಲಿ ಕಸ ಇತ್ತು, ಎಲ್ಲಿಂದ ಬಂತೆಂದು ತಿಳಿಯಲಿಲ್ಲ ಎಂದು ಬರೆಯಿರಿ ಸಾಕು ಎಂದರು. ಗಿರಾಕಿಗೂ ಅಷ್ಟೇ ಹೇಳೋಣ ಎಂದರು. ಅವರು ಕೆಟ್ಟವರಲ್ಲ. ಮೂವತ್ತು ವರ್ಷ ಆ ಕಾರ್ಖಾನೆಗೆ ತಮ್ಮ ಆಯುಷ್ಯ ಕೊಟ್ಟವರು. ಅವರ ಮುಖ ನೋಡಿ ನನಗೂ ಸಂಕಟವಾಯಿತು.

"ಹಾಗೆ ಬರೆದರೆ ಶರಣಪ್ಪನ ಮೇಲಿನ ಗುಮಾನಿ ಹೋಗುವುದಿಲ್ಲ ಸರ್. ಅವನು ಗೇಟಿನ ಹೊರಗೆ ಕೂತಿದ್ದಾನೆ, ದಿನಾ. ನೀವು ಕಾರಿನಲ್ಲಿ ಬರುತ್ತೀರಿ, ನಿಮಗೆ ಕಾಣುವುದಿಲ್ಲ. ನಾನು ಕಂಡದ್ದನ್ನು ಬರೆದು ಸಹಿ ಹಾಕುತ್ತೇನೆ. ಬೇಡವಾದರೆ ನನ್ನ ಪಾಸನ್ನೂ ಇಟ್ಟುಕೊಳ್ಳಿ."

ಅವರು ತುಂಡುಗಳನ್ನು ಅಲ್ಲೇ ಬಿಟ್ಟು ಎದ್ದು ಹೋದರು. ಮನೆಗೆ ಬಂದು ಯಜಮಾನರಿಗೆ ಹೇಳಿದೆ. "ಕೆಲಸ ಹೋದರೆ ಹೋಗಲಿ, ಇಬ್ಬರೂ ಕೂತು ಪದಬಂಧ ತುಂಬುವ" ಎಂದರು. ಆ ಮನುಷ್ಯನ ಮೇಲೆ ನನಗೆ ಅಂದು ಬಂದಷ್ಟು ಪ್ರೀತಿ ಮದುವೆಯ ದಿನವೂ ಬಂದಿರಲಿಲ್ಲ.

ಮರುದಿನ ಗೇಟಿನ ಬಳಿ ಸಾಹೇಬರ ಕಾರು ನಿಂತಿತ್ತು. ಟಪರಿಯ ಬೆಂಚಿನ ಮೇಲೆ ಅವರೂ ಶರಣಪ್ಪನೂ ಅಕ್ಕಪಕ್ಕ ಕುಳಿತಿದ್ದರು. ಅವರ ಕೈಯಲ್ಲಿ ಚಹಾದ ಗ್ಲಾಸು, ಅವನ ಕೈಯಲ್ಲಿ ಪಾಸು. ಒಳಗೆ ಹೋಗೋಣ ಬಾ ಎಂದು ಅವರು ಏಳುತ್ತಿದ್ದಾರೆ, ಇವನು ಏಳುತ್ತಿಲ್ಲ.

"ಸಾಬ್, ಸಬ್ ಕೇ ಸಾಮನೇ ನಿಕಾಲಾ ಥಾ. ಸಬ್ ಕೇ ಸಾಮನೇ ಬುಲಾವ್" ಎಂದ ಶರಣಪ್ಪ. ಎಲ್ಲರೆದುರು ಹೊರಗೆ ಹಾಕಿದ್ದೀರಿ, ಎಲ್ಲರೆದುರೇ ಕರೆಯಿರಿ ಎಂದು. ನನ್ನನ್ನು ಕಂಡು, "ತಪ್ಪೇನ್ರೀ ಅಕ್ಕಾರ?" ಎಂದ. ತಪ್ಪಲ್ಲ ಎಂದೆ.

ಶಿಫ್ಟು ಬದಲಾಗುವ ಹೊತ್ತಿಗೆ ಸಾಹೇಬರು ಎಲ್ಲರನ್ನೂ ಪ್ರೆಸ್ಸುಗಳ ನಡುವೆ ನಿಲ್ಲಿಸಿದರು. ಬಟನ್ ಒಡೆದದ್ದು ಭಟ್ಟಿಯಿಂದಲ್ಲ, ಡ್ರಮ್ಮಿಗೆ ಹಚ್ಚಿದ ಕುಂಕುಮದಿಂದ ಎಂದರು. ಆಮೇಲೆ "ಲಾವಲಂ ಮೀ. ಚೂಕ್ ಮಾಝೀ ಆಹೇ" ಎಂದರು. ಹಚ್ಚಿದವನು ನಾನು, ತಪ್ಪು ನನ್ನದು. ನನ್ನ ಕೆಲಸದ ಕಾಲದಲ್ಲಿ ನಾನು ಹಲವು ಮೇಲಧಿಕಾರಿಗಳನ್ನು ನೋಡಿದ್ದೇನೆ. ಹೀಗೆ ಹೇಳಿದವರು ಅವರೊಬ್ಬರೇ. ಗಿರಾಕಿಗೂ ಅವರೇ ಹೋಗಿ ಹೇಳಿ ಬಂದರು. ಶರಣಪ್ಪ ಪರ್ಮನೆಂಟ್ ಆದ. ಆ ಮೇಲಿನ ಖಂಡೇನವಮಿಗಳಲ್ಲಿ ತಟ್ಟೆ ಪೌಡರ್ ರೂಮಿನ ಬಾಗಿಲು ದಾಟಲಿಲ್ಲ.

ಆದರೆ ಕಥೆ ಅಷ್ಟಕ್ಕೇ ಮುಗಿಯಲಿಲ್ಲ. ನೀಲಮ್ಮನಿಗೆ ವಿಷಯ ಎಂದೋ ತಿಳಿದುಹೋಗಿತ್ತು. ಅವಳ ಬಳಿ ರೊಟ್ಟಿ ಒಯ್ಯುವ ಹುಡುಗರಲ್ಲಿ ಕೆಲವರು ಘೋಡಬಂದರಿನ ಅದೇ ಕಟ್ಟಡದಲ್ಲಿ ಬಂಡೆ ಕೊರೆಯುವವರು. ನಿನ್ನ ಗಂಡ ಬೇಯಿಸಿದ ಹಲ್ಲು ಮುರೀತಾವಂತ ಎಂದು ನಕ್ಕಿದ್ದರಂತೆ. ಅವಳು ಅದನ್ನು ನುಂಗಿಕೊಂಡು, ಗಂಡನಿಗೆ ಗೊತ್ತಾಗದ ಹಾಗೆ, ದಿನಾ ಡಬ್ಬಿ ಕಟ್ಟಿ ಕಳಿಸಿದ್ದಳು. ಮರಳಿ ಕೆಲಸ ಸಿಕ್ಕ ಮೇಲೂ ಆ ನಗು ಅವಳ ಮನಸ್ಸಿನಿಂದ ಹೋಗಿರಲಿಲ್ಲ.

ಮುಂದಿನ ಲಾಟಿನ ಬಟನ್ನುಗಳೂ ಘೋಡಬಂದರಿಗೇ ಹೋದವು. ಮಳೆಗಾಲಕ್ಕೆ ಮೊದಲು ಗಿರಾಕಿ ಕೆಲಸ ಮುಗಿಸಿದ ಒಂದು ಬಿಟ್ಟನ್ನು ವಾಪಸು ತಂದುಕೊಟ್ಟ, ಈ ಸಲ ಪೇಢೆಯ ಡಬ್ಬದ ಜೊತೆ. ನಮ್ಮಲ್ಲಿ ಹಳೆಯ ಕಾರ್ಬೈಡಿನ ಚೂರು ಕೂಡ ಗೇಟು ದಾಟುವ ಹಾಗಿಲ್ಲ. ಸಾಹೇಬರು ತಾವೇ ಗೇಟ್‌ಪಾಸ್ ಬರೆದು ಆ ಬಿಟ್ಟನ್ನು ಶರಣಪ್ಪನ ಕೈಗೆ ಕೊಟ್ಟರು. ಅಂದು ಸಂಜೆ ನಾನೂ ಅವನ ಜೊತೆ ಘಣಸೋಲಿಯಲ್ಲಿ ಇಳಿದೆ.

ನೀಲಮ್ಮ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಿಟ್ಟನ್ನು ತೊಡೆಯ ಮೇಲಿಟ್ಟುಕೊಂಡಳು. ಭಾರಕ್ಕೆ ಅವಳ ಕೈ ಬಗ್ಗಿತು. ಒಂದೊಂದೇ ಹಲ್ಲಿನ ಮೇಲೆ ಬೆರಳಾಡಿಸಿದಳು. ಎಲ್ಲ ಹಲ್ಲುಗಳೂ ಸವೆದು ಚಪ್ಪಟೆಯಾಗಿ, ನುಣ್ಣಗೆ ಹೊಳೆಯುತ್ತಿದ್ದವು.

"ಅಕ್ಕಾರ, ಇವು ಇಂವ ಬೇಯಿಸಿದ್ದೇ ಏನ್ರೀ?"

"ಅವನೇ ಬೇಯಿಸಿದ್ದು."

"ಒಂದೂ ಮುರಿದಿಲ್ಲಲ್ರೀ?"

"ಒಂದೂ ಇಲ್ಲ ನೀಲಮ್ಮ. ಬಂಡೆಯೇ ಮುರಿದದ್ದು."

ಅವಳು ಎದ್ದಳು. ರೊಟ್ಟಿ ಒಯ್ಯಲು ಹುಡುಗರು ಹೊರಗೆ ಸಾಲಾಗಿ ನಿಂತಿದ್ದರು, ಅಂದು ನಕ್ಕವರೂ ಸೇರಿ. ಬಿಟ್ಟನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ, ಎಲ್ಲರಿಗಿಂತ ಮುಂದೆ ನಿಂತವನ ಕೈಯಲ್ಲಿ ಇಟ್ಟಳು. "ಮುಟ್ಟಿ ನೋಡ್ರೋ" ಎಂದಳು. ಬಿಟ್ಟು ಕೈಯಿಂದ ಕೈಗೆ ಸಾಲಿನ ಕೊನೆಯವರೆಗೂ ಹೋಯಿತು. ಅದು ತಿರುಗಿ ತನ್ನ ಕೈಗೆ ಬರುವವರೆಗೆ ಅವಳು ಯಾರಿಗೂ ರೊಟ್ಟಿ ಕೊಡಲಿಲ್ಲ.